ಆಟ ಊರೊಳಗಿರಲಿ, ಸಮಾರಂಭ ಊರಾಚೆ ಹೋಗಲಿ

ಗೆ,
ಮಾನ್ಯ ಸಚಿವರು,
ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಕ್ರೀಡಾಂಗಣಗಳನ್ನು ಊರ ಹೊರವಲಯಕ್ಕೆ ಸಾಗಿಸುವ ವಿಚಾರದಲ್ಲಿ ಒಂದು ಬಹಿರಂಗ ಮನವಿ.

ಮಾನ್ಯರೇ,

ನಾನು ಮಂಡ್ಯದ ಒಬ್ಬ ನಿವೃತ್ತ ದೈಹಿಕ ಶಿಕ್ಷಕ. ಊರವರ ಬಾಯಲ್ಲಿ ಪಿಟಿ ಮೇಷ್ಟ್ರು. ಜಿಲ್ಲೆಯ ಬೇರೆ ಬೇರೆ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ವಿಷಲ್ ಊದಿದ್ದೇನೆ. ನಿವೃತ್ತಿಯಾಗಿ ಐದು ವರ್ಷ ಕಳೆದರೂ ಬೆಳಿಗ್ಗೆ ಐದೂವರೆಗೆ ಕ್ರೀಡಾಂಗಣಕ್ಕೆ ಹೊರಡದಿದ್ದರೆ ಮನೆಯಾಕೆ ನನ್ನ ಹಣೆ ಮುಟ್ಟಿ ನೋಡುತ್ತಾಳೆ. ಅಲ್ಲಿ ಇಪ್ಪತ್ತು ಚಿಲ್ಲರೆ ಮಕ್ಕಳಿಗೆ ಓಟ, ಜಿಗಿತ ಹೇಳಿಕೊಡುತ್ತೇನೆ. ಇದಕ್ಕೆ ಸಂಬಳವಿಲ್ಲ, ನನ್ನ ಹಿಂದೆ ಸಂಘವಿಲ್ಲ, ಲೆಟರ್‌ಹೆಡ್ಡೂ ಇಲ್ಲ. ಅದಕ್ಕೇ ಈ ಪತ್ರವನ್ನು ಎಲ್ಲರೂ ಓದಲಿ ಎಂದು ಬರೆಯುತ್ತಿದ್ದೇನೆ. ಲಕೋಟೆ ಅಂಟಿಸಿ ಕಳಿಸಿದ ಅರ್ಜಿ ಯಾವ ಮೇಜಿನ ಮೇಲೆ ನಿದ್ದೆ ಹೋಗುತ್ತದೆ ಎಂಬುದು ಸರ್ಕಾರಿ ನೌಕರಿ ಮಾಡಿದವನಿಗೆ ಗೊತ್ತಿರುವ ವಿಚಾರವೇ.

ಕೆಲವು ತಿಂಗಳಿಂದ ನಮ್ಮೂರಿನ ವಾಕಿಂಗ್ ಮಾಡುವವರ ನಡುವೆ, ಆಮೇಲೆ ಅವರು ಕೂರುವ ಟೀ ಅಂಗಡಿಯ ಮುಂದೆ ಒಂದು ಮಾತು ಓಡಾಡುತ್ತಿದೆ. "ಬೆಂಗಳೂರಿನ ಸ್ಟೇಡಿಯಮ್ಮೇ ಊರಾಚೆಗೆ ಹೋಯ್ತದಂತೆ, ಇನ್ನು ನಮ್ದೇನು ಮಹಾ? ಬೈಪಾಸ್ ತಾವು ಜಾಗ ನೋಡುದ್ರೆ ಆಯ್ತು" ಎಂದು. ಊರ ನಡುವಿನ ಮೈದಾನ ತೆರವಾದರೆ ಅಲ್ಲಿ ಏನೇನು ಕಟ್ಟಬಹುದು ಎಂಬ ಪಟ್ಟಿಯನ್ನೂ ಕೆಲವರು ಆಗಲೇ ಮಾಡಿಟ್ಟುಕೊಂಡಿದ್ದಾರೆ. ಹೀಗೆಂದು ನೀವು ಆದೇಶವನ್ನೇನೂ ಹೊರಡಿಸಿಲ್ಲ, ಬಲ್ಲೆ. ಆದರೆ ನಮ್ಮ ಕಡೆ ಯಾವುದೇ ವಿಚಾರ ಮೊದಲು ಟೀ ಅಂಗಡಿಯಲ್ಲಿ ಹಣ್ಣಾಗುತ್ತದೆ, ಆಮೇಲೆ ಯಾರದೋ ಹುಟ್ಟುಹಬ್ಬದ ವೇದಿಕೆಯಲ್ಲಿ ಭಾಷಣವಾಗುತ್ತದೆ, ಕೊನೆಗೆ ಕಡತವಾಗುತ್ತದೆ. ಕಡತವಾದ ಮೇಲೆ ನಮ್ಮಂಥವರ ಮಾತಿಗೆ ಜಾಗವಿರುವುದಿಲ್ಲ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ.

ಬೆಂಗಳೂರಿನಿಂದಲೇ ಶುರು ಮಾಡುತ್ತೇನೆ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬ್ ತಂಡವನ್ನು 6 ರನ್ನಿನಿಂದ ಸೋಲಿಸಿ ಮೊದಲ ಸಲ ಐಪಿಎಲ್ ಕಪ್ ಎತ್ತಿತು. ಮಂಡ್ಯದಲ್ಲೂ ಅಂದು ಯಾರೂ ಮಲಗಲಿಲ್ಲ. ಮಾರನೆಯ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ ಕಾಲ್ತುಳಿತವಾಗಿ 11 ಮಂದಿ ಸತ್ತರು. ಅವರಲ್ಲಿ ನಮ್ಮ ಜಿಲ್ಲೆಯವನೂ ಒಬ್ಬನಿದ್ದ. 35 ಸಾವಿರ ಜನ ಹಿಡಿಸುವ ಜಾಗಕ್ಕೆ ಎರಡು ಮೂರು ಲಕ್ಷ ಜನ ಬಂದರು ಎಂದು ಮುಖ್ಯಮಂತ್ರಿಗಳು ಅಂದೇ ಹೇಳಿದರು. ನನ್ನ ಹಳೆಯ ಶಿಷ್ಯನೊಬ್ಬ ಆ ಗೇಟಿನ ಮುಂದಿದ್ದ. ರಾತ್ರಿ ರೈಲಿಳಿದು ಮಂಡ್ಯ ಸ್ಟೇಷನ್ನಿನಿಂದ ಬರಿಗಾಲಲ್ಲಿ ಮನೆಗೆ ನಡೆದುಬಂದ. ಚಪ್ಪಲಿ ಎಲ್ಲಿ ಹೋಯಿತು ಎಂದು ಅವನ ತಾಯಿ ಕೇಳಿದರೆ, "ಅಲ್ಲಿ ಎಲ್ಲಾರ್ದೂ ಬಿದ್ದಿದ್ವು ಕಣವ್ವ" ಎಂದಷ್ಟೇ ಹೇಳಿ ಮಲಗಿದನಂತೆ. ಮೂರು ದಿನ ಮೈದಾನದ ಕಡೆ ತಲೆ ಹಾಕಲಿಲ್ಲ.

ಆಮೇಲೆ ಈ ಕಾಲ್ತುಳಿತದ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಆಯೋಗ ವರದಿ ಕೊಟ್ಟು, ಭಾರಿ ಜನ ಸೇರುವ ಕಾರ್ಯಕ್ರಮಗಳಿಗೆ ಆ ಜಾಗ ಸುರಕ್ಷಿತವಲ್ಲ ಎಂದಿತು. ಆ ವರ್ಷದ ಮಹಿಳಾ ವಿಶ್ವಕಪ್ ಪಂದ್ಯಗಳು ಬೆಂಗಳೂರಿನ ಕೈತಪ್ಪಿ ನವಿ ಮುಂಬೈಗೆ ಹೋದವು. ಆನೇಕಲ್ ಕಡೆಯ ಸೂರ್ಯ ಸಿಟಿಯಲ್ಲಿ 80 ಸಾವಿರ ಆಸನಗಳ ಕ್ರೀಡಾಂಗಣ ಕಟ್ಟುವ ಯೋಜನೆ ಮುಂದಕ್ಕೆ ಬಂತು. ನಮ್ಮೂರ ಟೀ ಅಂಗಡಿಯ ಮಾತಿಗೆ ಬೀಜ ಬಿದ್ದದ್ದು ಇಲ್ಲಿ.

ಅಂದಹಾಗೆ, ಆ ಕ್ರೀಡಾಂಗಣಕ್ಕೆ ಯಾರ ಹೆಸರಿದೆಯೋ ಆ ಎಂ. ಚಿನ್ನಸ್ವಾಮಿಯವರು ನಮ್ಮ ಮಂಡ್ಯದ ವಕೀಲರು. ರಾಜ್ಯ ಕ್ರಿಕೆಟ್ ಸಂಸ್ಥೆಯನ್ನು ಕಟ್ಟಿ ಬೆಳೆಸಿ, 1977ರಿಂದ 1980ರವರೆಗೆ ಬಿಸಿಸಿಐ ಅಧ್ಯಕ್ಷರೂ ಆಗಿದ್ದವರು. ನಮ್ಮ ಊರಿನಲ್ಲಿ ಇದನ್ನು ಬಲ್ಲವರು ಕಡಿಮೆ, ಹಾಗಾಗಿ ಸಂದರ್ಭ ಸಿಕ್ಕಾಗ ಹೇಳಿಕೊಳ್ಳುವುದು ನನ್ನದೊಂದು ಚಟ. ಅಲ್ಲಿ ಮೊದಲ ಟೆಸ್ಟ್ ನಡೆದದ್ದು 1974ರ ನವೆಂಬರಿನಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರೂ ಟೆಸ್ಟಿಗೆ ಕಾಲಿಟ್ಟದ್ದು ಅದೇ ಪಂದ್ಯದಲ್ಲಿ. ಅಂದಿನಿಂದ ಅರ್ಧ ಶತಮಾನ ಅಲ್ಲಿ ಟೆಸ್ಟು, ಒಂದು ದಿನದ ಪಂದ್ಯ, ಐಪಿಎಲ್ ಎಲ್ಲ ನಡೆದಿವೆ. ಟಿಕೆಟ್ ಇದ್ದವರು ತುಂಬಿದರು, ಆಟ ಮುಗಿದ ಮೇಲೆ ಬಸ್ಸೋ ಮೆಟ್ರೋ ಹಿಡಿದು ಮನೆಗೆ ಹೋದರು.

ಜೂನ್ 4ರಂದು ಅಲ್ಲಿ ಯಾವ ಆಟ ನಡೆಯಿತು, ಸ್ವಾಮಿ? ಟಾಸ್ ಇರಲಿಲ್ಲ, ಅಂಪೈರ್ ಇರಲಿಲ್ಲ. ಅದು ಸನ್ಮಾನ ಸಮಾರಂಭ. ರಾತ್ರಿ ಗೆದ್ದರು, ಹಗಲು ಹಾರ ಹಾಕಬೇಕು ಎಂಬ ಅವಸರ. ಜನರನ್ನು ಕೊಂದದ್ದು ಆ ಅವಸರ, ಕ್ರಿಕೆಟ್ ಅಲ್ಲ. ಅದೇ ಸಮಾರಂಭವನ್ನು ಅದೇ ತಯಾರಿಯಲ್ಲಿ ಆನೇಕಲ್ಲಿನಲ್ಲಿ ಮಾಡಿದ್ದರೂ, ಎಂಬತ್ತು ಸಾವಿರದ ಜಾಗಕ್ಕೆ ಮೂರು ಲಕ್ಷ ಜನ ಬಂದಿದ್ದರೆ ಗೇಟಿನ ಮುಂದೆ ಆಗುವುದು ಆಗಿಯೇ ತೀರುತ್ತಿತ್ತು. ಹೀಗಿರುವಾಗ ಸಮಾರಂಭ ಮಾಡಿದ ತಪ್ಪಿಗೆ ಆಟವನ್ನು ಊರಿನಿಂದ ಗಡೀಪಾರು ಮಾಡುವುದು ಯಾವ ನ್ಯಾಯ?

ನಾನು ಇದನ್ನು ಸುಮ್ಮನೆ ವಾದಕ್ಕೆ ಹೇಳುತ್ತಿಲ್ಲ. ಮೈದಾನಕ್ಕೆ ಸಮಾರಂಭ ಏನು ಮಾಡುತ್ತದೆ ಎಂಬುದನ್ನು ಮೊಣಕಾಲೂರಿ ಕೂತು ನೋಡಿದವನು ನಾನು. ಕೆಲವು ವರ್ಷಗಳ ಹಿಂದೆ ನಾನು ಕೆಲಸದಲ್ಲಿದ್ದ ತಾಲ್ಲೂಕಿನ ಮೈದಾನದಲ್ಲಿ ಒಂದು ದೊಡ್ಡ ಕಾರ್ಯಕ್ರಮವಾಯಿತು. ಯಾರದು ಎಂದು ಹೇಳುವುದಿಲ್ಲ, ಎಲ್ಲರದ್ದೂ ಹಾಗೇ. ಪೆಂಡಾಲ್ ಬಿಚ್ಚಿ ಲಾರಿಗೆ ತುಂಬಿಕೊಂಡು ಹೋದರು. ಮಾರನೆಯ ಬೆಳಿಗ್ಗೆ ಇನ್ನೂ ಮಬ್ಬುಗತ್ತಲೆ. ನನ್ನ ಲಾಂಗ್‌ಜಂಪ್ ಹುಡುಗಿ ಮೈ ಬಿಸಿ ಮಾಡಿಕೊಳ್ಳಲು ಓಡುತ್ತಿದ್ದವಳು ಕಂಬ ನೆಟ್ಟಿದ್ದ ಗುಂಡಿಗೆ ಕಾಲಿಟ್ಟಳು. ನಾನು ಹತ್ತಿರ ಹೋಗುವಷ್ಟರಲ್ಲಿ ಕಣಕಾಲು ಊದಿ ಶೂ ಬಿಚ್ಚಲು ಬಾರದಂತಾಗಿತ್ತು, ಲೇಸ್ ಕತ್ತರಿಸಬೇಕಾಯಿತು. ಬೆಳಕು ಹರಿದ ಮೇಲೆ ಎಣಿಸಿದೆವು. ಬರೀ ಓಟದ ಹಾದಿಯಲ್ಲೇ ಹದಿನಾಲ್ಕು ಗುಂಡಿ. ಒಂದೊಂದೂ ತೆಂಗಿನ ಚಿಪ್ಪಿನಷ್ಟು ಅಗಲ, ಒಂದು ಮೊಳ ಆಳ. ಮುಚ್ಚಲು ಮಣ್ಣು ಕೊಡುವವರಿಲ್ಲ. ಕೊನೆಗೆ ಮಕ್ಕಳು ಲಾಂಗ್‌ಜಂಪ್ ಅಂಕಣದ ಮರಳನ್ನೇ ಬಾಣಲಿಯಲ್ಲಿ ಹೊತ್ತು ತಂದು ಗುಂಡಿ ತುಂಬಿದರು. ಆ ವರ್ಷವೆಲ್ಲ ಜಿಗಿಯುವ ಮಕ್ಕಳು ಅರ್ಧ ಮರಳಿನ ಅಂಕಣಕ್ಕೆ ಹಾರಿದರು. ಕಾಲು ಉಳುಕಿದ ಹುಡುಗಿ ತಾಲ್ಲೂಕು ಮಟ್ಟದ ಕ್ರೀಡಾಕೂಟವನ್ನು ಕಲ್ಲುಬೆಂಚಿನ ಮೇಲೆ ಕೂತು ನೋಡಿದಳು.

ಇನ್ನು ಕ್ರೀಡಾಂಗಣ ಯಾರದ್ದು ಎಂಬ ಮಾತಿಗೆ ಬರುತ್ತೇನೆ. ಊರಾಚೆಗೆ ಸಾಗಿಸಬೇಕು ಎನ್ನುವವರ ಕಣ್ಣಮುಂದೆ ಇರುವುದು ಪಂದ್ಯದ ದಿನ: ಕಾರು, ಪಾರ್ಕಿಂಗು, ಟ್ರಾಫಿಕ್ಕು. ಜಿಲ್ಲಾ ಕೇಂದ್ರದ ಕ್ರೀಡಾಂಗಣದಲ್ಲಿ ಹಾಗೆ ಜನ ತುಂಬುವುದು ವರ್ಷಕ್ಕೆ ಎಷ್ಟು ದಿನ? ಜನವರಿ 26, ಆಗಸ್ಟ್ 15, ಒಂದೆರಡು ಕ್ರೀಡಾಕೂಟ. ಉಳಿದ ಮುನ್ನೂರೈವತ್ತು ದಿನ ಅಲ್ಲಿರುವವರು ಯಾರು ಎಂದು ನಾನು ಹೇಳಬಲ್ಲೆ, ಏಕೆಂದರೆ ನಾನೂ ಅಲ್ಲೇ ಇರುತ್ತೇನೆ.

ಐದೂವರೆಗೆ ಬರುವವರು ಪೊಲೀಸ್ ಕೆಲಸಕ್ಕೆ ತಯಾರಾಗುವ ಹುಡುಗರು. ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಯಲ್ಲಿ ಗಂಡುಮಕ್ಕಳು 1,600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು, ಹೆಣ್ಣುಮಕ್ಕಳು 400 ಮೀಟರನ್ನು ಎರಡು ನಿಮಿಷದೊಳಗೆ. ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಸುತ್ತಿಗೆ ತೊಂಬತ್ತೇಳು ಸೆಕೆಂಡು. ಈ ಲೆಕ್ಕ ಅಳತೆ ಮಾಡಿದ ಟ್ರ್ಯಾಕಿನಲ್ಲಿ ಮಾತ್ರ ಕಾಲಿಗೆ ಕೂರುತ್ತದೆ, ರಸ್ತೆಯಲ್ಲಿ ಓಡಿದರೆ ಕೂರುವುದಿಲ್ಲ. ಇವರಲ್ಲಿ ಹೆಚ್ಚಿನವರು ಬೆಳಿಗ್ಗೆ ಓಡಿ ಆಮೇಲೆ ಗ್ಯಾರೇಜಿಗೋ ಬಟ್ಟೆ ಅಂಗಡಿಗೋ ಡೆಲಿವರಿ ಕೆಲಸಕ್ಕೋ ಹೋಗುವವರು. ಆರರ ನಂತರ ಬರುವವರು ಹಳ್ಳಿಯ ಹೆಣ್ಣುಮಕ್ಕಳು. ಕೆರಗೋಡು, ಬಸರಾಳು, ದುದ್ದ, ಕೊತ್ತತ್ತಿ ಕಡೆಯ ಬಸ್ಸುಗಳಲ್ಲಿ ಬಂದು, ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಗುಂಪಾಗಿ ನಡೆದುಕೊಂಡು ಬರುತ್ತಾರೆ. 2023ರ ಜೂನ್ 11ರಂದು ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾಯಿತಲ್ಲ, ಅದಾದ ಮೇಲೆ ನನ್ನ ಗುಂಪಿನಲ್ಲಿ ಹುಡುಗಿಯರು ಹುಡುಗರಿಗಿಂತ ಹೆಚ್ಚಾದರು. ನಿಮ್ಮ ಸರ್ಕಾರ ಕ್ರೀಡೆಗೆಂದು ಮಾಡದೆಯೂ ಕ್ರೀಡೆಗೆ ಮಾಡಿದ ದೊಡ್ಡ ಉಪಕಾರ ಇದು. ಹೊಗಳಿಕೆಗೆ ಹೇಳುತ್ತಿಲ್ಲ, ಕಂಡದ್ದನ್ನು ಹೇಳುತ್ತಿದ್ದೇನೆ.

ಈಗ ಕ್ರೀಡಾಂಗಣ ಬೈಪಾಸಿನ ಆಚೆ ಹೋಯಿತು ಎನ್ನಿ. ಬಸ್‌ಸ್ಟ್ಯಾಂಡಿನಿಂದ ಅಲ್ಲಿಗೆ ಬೆಳಗಿನ ಜಾವ ಆಟೋ ಹಿಡಿಯಬೇಕು. ಹೋಗಲು ಇಪ್ಪತ್ತು, ಬರಲು ಇಪ್ಪತ್ತು ಎಂದೇ ಇಟ್ಟುಕೊಂಡರೂ ತಿಂಗಳಿಗೆ ಇಪ್ಪತ್ತೈದು ದಿನಕ್ಕೆ ಸಾವಿರ ರೂಪಾಯಿ. ದುಡ್ಡಿನ ಮಾತು ಒಂದು ಕಡೆಗಿರಲಿ. ಈ ಸುದ್ದಿ ಕಿವಿಗೆ ಬಿದ್ದ ದಿನ ಎಂಟುನೂರು ಮೀಟರ್ ಓಡುವ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದು, "ಸಾ, ಬೈಪಾಸ್ ತಾವಾದ್ರೆ ನಮ್ಮಪ್ಪ ಕಳ್ಸಾಕಿಲ್ಲ ಸಾ" ಎಂದಳು. ನಾನು "ನೋಡೋಣ ಬಿಡವ್ವ" ಎಂದೆ. ಅವಳ ಅಪ್ಪನನ್ನು ನಾನು ಬಲ್ಲೆ, ಕೆಟ್ಟ ಮನುಷ್ಯನಲ್ಲ. ಕತ್ತಲೆಯಲ್ಲಿ ಅಂಗಡಿ ಮುಂಗಟ್ಟಿಲ್ಲದ ಸರ್ವಿಸ್ ರಸ್ತೆಗೆ ಹದಿನೈದು ವರ್ಷದ ಮಗಳನ್ನು ನಾನಾದರೂ ಕಳಿಸುತ್ತಿರಲಿಲ್ಲ. ಊರ ನಡುವಿನ ಮೈದಾನದ ಸುತ್ತ ಹಾಲಿನವರು, ಪೇಪರಿನವರು, ವಾಕಿಂಗ್ ಬರುವ ಅಮ್ಮಂದಿರು ಇರುತ್ತಾರೆ. ಆ ಮಕ್ಕಳ ಪಾಲಿಗೆ ಪೊಲೀಸರಿಗಿಂತ ದೊಡ್ಡ ಕಾವಲು ಇವರದೇ.

ಟ್ರ್ಯಾಕ್ ದೂರವಾದರೆ ಹುಡುಗರು ಓಡುವುದನ್ನೇನೂ ಬಿಡುವುದಿಲ್ಲ, ನಾಲೆ ಏರಿಯ ಮೇಲೆ ಓಡುತ್ತಾರೆ. ಈಗಲೂ ಹಳ್ಳಿಗಳಲ್ಲಿ ಓಡುತ್ತಾರೆ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಏರಿ ಎಂಥದ್ದು ಎಂದು ಈ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. 2018ರ ನವೆಂಬರಿನಲ್ಲಿ ಕನಗನಮರಡಿ ಬಳಿ ಬಸ್ಸೇ ಅದರೊಳಗೆ ಉರುಳಿ 30 ಜನ ಹೋದರು.

ಬೆಂಗಳೂರಿಗೂ ನಮಗೂ ಇರುವ ವ್ಯತ್ಯಾಸವನ್ನೂ ದಯವಿಟ್ಟು ಗಮನಿಸಿ. ಆ ಸೂರ್ಯ ಸಿಟಿಗೆ ಹತ್ತಿರದ ಬೊಮ್ಮಸಂದ್ರದವರೆಗೆ 2025ರ ಆಗಸ್ಟಿನಿಂದ ಹಳದಿ ಮಾರ್ಗದ ಮೆಟ್ರೋ ಓಡುತ್ತಿದೆ. ಡಿ'ಕುನ್ಹಾ ಆಯೋಗವೂ ಹೊಸ ಜಾಗಕ್ಕೆ ಸಾರ್ವಜನಿಕ ಸಾರಿಗೆಯ ನಂಟಿರಬೇಕು ಎಂದೇ ಹೇಳಿದೆ. ನಮ್ಮಲ್ಲಿ ಏನಿದೆ? ನಗರ ಸಾರಿಗೆ ಎಂದು ಹೇಳಿಕೊಳ್ಳುವಂಥದ್ದೇನಿಲ್ಲ, ಆಟೋವೇ ಗತಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ವೇ ಮುಖ್ಯ ಪಥಕ್ಕಂತೂ 2023ರ ಆಗಸ್ಟಿನಿಂದ ಬೈಕು, ಆಟೋ ಹತ್ತುವ ಹಾಗೇ ಇಲ್ಲ.

ಬೇರೆ ಊರುಗಳು ಈ ದಾರಿಯಲ್ಲಿ ನಮಗಿಂತ ಮೊದಲೇ ಹೋಗಿ ನೋಡಿವೆ. ನಾಗಪುರದವರು ಊರೊಳಗಿನ ಸಿವಿಲ್ ಲೈನ್ಸ್ ಮೈದಾನ ಬಿಟ್ಟು 2008ರಲ್ಲಿ ವಾರ್ಧಾ ರಸ್ತೆಯ ಜಾಮ್ಠಾಕ್ಕೆ ಹೋದರು. ಕ್ರೀಡಾಂಗಣ ಚೆನ್ನಾಗಿದೆ, ನಿಜ. ಟೆಸ್ಟ್ ನಡೆದಾಗ ಖಾಲಿ ಕುರ್ಚಿಗಳ ಸಾಲು ಟೀವಿಯಲ್ಲೇ ಕಾಣುತ್ತಿತ್ತು. ಪುಣೆಯವರು ನೆಹರೂ ಸ್ಟೇಡಿಯಂ ಬಿಟ್ಟು ಎಕ್ಸ್‌ಪ್ರೆಸ್ ವೇ ಪಕ್ಕದ ಗಹುಂಜೆಗೆ ಹೋದರು. ಹೈದರಾಬಾದಿನ ಉಪ್ಪಲ್‌ನಲ್ಲಿ ಮೊದಲ ಒಂದು ದಿನದ ಪಂದ್ಯ ನಡೆದದ್ದು 2005ರಲ್ಲಿ, ಮೆಟ್ರೋ ಬಂದದ್ದು 2017ರಲ್ಲಿ. ನಡುವೆ ಹನ್ನೆರಡು ವರ್ಷ. ಒಂದು ಮಗು ಓಟ ಕಲಿತು, ಓಡಿ, ಓಟ ಬಿಡುವಷ್ಟು ಕಾಲ ಅದು.

ಅಮೆರಿಕದ ಡೆಟ್ರಾಯಿಟ್‌ನದ್ದು ಇನ್ನೂ ಸೊಗಸು. ಕಾರು ಕಂಪನಿಯಲ್ಲಿ ಕೆಲಸದಲ್ಲಿರುವ ನನ್ನ ಸೋದರಳಿಯ ಅಲ್ಲಿದ್ದಾಗ ಹೇಳಿದ ಕಥೆ, ಆಮೇಲೆ ನಾನೂ ಓದಿ ತಿಳಿದುಕೊಂಡೆ. ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಲಯನ್ಸ್ 1975ರಲ್ಲಿ ಊರು ಬಿಟ್ಟು ಪಾಂಟಿಯಾಕ್ ಎಂಬ ಹೊರವಲಯದ ಪಟ್ಟಣಕ್ಕೆ ಹೋಯಿತು. ಐದೂವರೆ ಕೋಟಿ ಡಾಲರಿಗೂ ಹೆಚ್ಚು ಸುರಿದು, ಎಂಬತ್ತು ಸಾವಿರ ಜನ ಹಿಡಿಸುವ ಸಿಲ್ವರ್‌ಡೋಮ್ ಕಟ್ಟಿದ್ದರು. 2002ರಲ್ಲಿ ಅದೇ ತಂಡ ಹೊಸ ಕ್ರೀಡಾಂಗಣ ಕಟ್ಟಿಕೊಂಡು ಡೆಟ್ರಾಯಿಟ್ ನಡುಭಾಗಕ್ಕೇ ವಾಪಸ್ ಬಂತು. ಸಿಲ್ವರ್‌ಡೋಮ್ 2009ರ ಹರಾಜಿನಲ್ಲಿ ಆರು ಲಕ್ಷ ಡಾಲರಿಗೂ ಕಡಿಮೆಗೆ ಹೋಯಿತು, ಅಂದರೆ ಕಟ್ಟಿದ ಖರ್ಚಿನ ನೂರರಲ್ಲಿ ಒಂದು ಪಾಲಿಗೆ. 2017ರ ಡಿಸೆಂಬರಿನಲ್ಲಿ ಸ್ಫೋಟಕವಿಟ್ಟು ಉರುಳಿಸಲು ಹೋದರೆ ಮೊದಲ ದಿನ ಅದು ಬೀಳಲೇ ಇಲ್ಲವಂತೆ, ಮಾರನೆಯ ದಿನ ಮತ್ತೆ ಸಿಡಿಸಿದರು. ಅಷ್ಟು ಗಟ್ಟಿ ಕಟ್ಟಡ! ಅದರ ಸುತ್ತ ಊರೊಂದು ಇರಲಿಲ್ಲ, ಅಷ್ಟೇ.

ನಮ್ಮಲ್ಲಿ "ಊರಾಚೆ" ಎಂದರೆ ಏನು ಎಂಬುದನ್ನೂ ಯೋಚಿಸಬೇಕು. ಮಂಡ್ಯದ ಅಂಚಿನಲ್ಲಿ ಖಾಲಿ ಬಿದ್ದ ಬಯಲು ಹೆಚ್ಚಿಲ್ಲ, ಬಹುಪಾಲು ನಾಲೆ ನೀರು ಹಾಯುವ ಕಬ್ಬಿನ, ಭತ್ತದ ಗದ್ದೆಗಳೇ. ಬೈಪಾಸಿಗೆ ಒಂದು ಸಲ ಕೊಟ್ಟಾಗಿದೆ. 2023ರ ಮಾರ್ಚಿನಲ್ಲಿ ಹೆದ್ದಾರಿ ಉದ್ಘಾಟನೆಯಾದ ಮೇಲೆ ಹಳೆಯ ರಸ್ತೆಯ ತಟ್ಟೆ ಇಡ್ಲಿ, ಮದ್ದೂರು ವಡೆಯ ಹೋಟೆಲುಗಳ ಮುಂದೆ ನಿಲ್ಲುತ್ತಿದ್ದ ಕಾರುಗಳೆಲ್ಲ ಮೇಲಿನಿಂದಲೇ ಹಾದುಹೋಗುತ್ತಿವೆ. ಊರಿನಿಂದ ಆಚೆ ಹೋದದ್ದು ಊರಿಗೆ ಏನು ಮಾಡುತ್ತದೆ ಎಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇನ್ನು ತೆರವಾದ ಮೈದಾನದ ಗತಿ? ಊರ ನಡುವೆ ಅಷ್ಟು ಎಕರೆ ಸಪಾಟು ಜಾಗ ಎಷ್ಟು ಬೆಲೆ ಬಾಳುತ್ತದೆ ಎಂಬುದು ಓಟಗಾರರಿಗೆ ಗೊತ್ತಿಲ್ಲ. ಗೊತ್ತಿರುವವರು ಬೇರೆ ಇದ್ದಾರೆ. ಸ್ಥಳಾಂತರದ ಮಾತನ್ನು ಮೊದಲು ಆಡುವವರಲ್ಲಿ ಓಡುವವರು ಒಬ್ಬರೂ ಏಕಿಲ್ಲ ಎಂಬ ನನ್ನ ಅನುಮಾನವನ್ನು ಬರೆದಿಡದೆ ಇರಲಾರೆ.

ಊರಾಚೆ ಏನೂ ಬೇಡ ಎಂದು ನಾನು ಹಟ ಹಿಡಿದಿಲ್ಲ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಹೆದ್ದಾರಿ ಪಕ್ಕದ ಬಯಲಿನಲ್ಲೇ. ಮೂರು ದಿನದ ಜಾತ್ರೆ, ಲಕ್ಷಗಟ್ಟಲೆ ಜನ. ಬಾಡೂಟದ ಗಲಾಟೆಯೊಂದು ಬಿಟ್ಟರೆ ಎಲ್ಲ ಸಾಂಗವಾಗಿ ಆಯಿತು. ಅದನ್ನು ಊರ ನಡುವೆ ಮಾಡಿದ್ದರೆ ಉಸಿರು ಕಟ್ಟುತ್ತಿತ್ತು. ಎರಡು ಮೂರು ದಿನದ ಕೆಲಸಕ್ಕೆ ಜನ ದೂರವಾದರೂ ಬರುತ್ತಾರೆ, ವಿಶೇಷ ಬಸ್ಸನ್ನೂ ಬಿಡಬಹುದು. ದಿನಾ ಬೆಳಿಗ್ಗೆ ಓಡುವ ಇಪ್ಪತ್ತು ಮಕ್ಕಳಿಗೆ ಯಾರು ವಿಶೇಷ ಬಸ್ ಬಿಡುತ್ತಾರೆ?

ಆದ್ದರಿಂದ ನನ್ನ ಕೋರಿಕೆ ತಲೆಕೆಳಗಾದದ್ದು. ಆಚೆ ಕಳಿಸಲೇಬೇಕಿದ್ದರೆ ಸಮಾರಂಭಗಳನ್ನು ಕಳಿಸಿ. ರಾಜಕೀಯ ಸಮಾವೇಶ, ಸನ್ಮಾನ, ವಸ್ತುಪ್ರದರ್ಶನ, ಆರ್ಕೆಸ್ಟ್ರಾ ಎಲ್ಲಕ್ಕೂ ಜಿಲ್ಲಾ ಕೇಂದ್ರದ ಹೊರಗೆ ಒಂದು ಬಯಲನ್ನು ಗೊತ್ತು ಮಾಡಿ, ದೀಪ, ನೀರು, ಶೌಚಾಲಯ, ಅಗಲವಾದ ದಾರಿಗಳನ್ನು ಮಾಡಿಕೊಡಿ. ಊರೊಳಗಿನ ಕ್ರೀಡಾಂಗಣದಲ್ಲಿ ರಾಷ್ಟ್ರೀಯ ಹಬ್ಬಗಳ ಪೆರೇಡ್ ಬಿಟ್ಟು ಬೇರೆ ಯಾವುದಕ್ಕೂ ಗುಂಡಿ ತೋಡುವಂತಿಲ್ಲ ಎಂದು ಆದೇಶ ಹೊರಡಿಸಿ. ಪೆರೇಡಿಗೂ ಟ್ರ್ಯಾಕಿನ ಮೇಲೆ ಕಂಬ ಬೇಡ.

ಜಿಲ್ಲೆಗೆ ದೊಡ್ಡ ಕ್ರೀಡಾಂಗಣವೊಂದು ನಿಜಕ್ಕೂ ಬೇಕೆಂದಾದರೆ ಕಟ್ಟಿ, ಸಂತೋಷ. ಆದರೆ ಅದು ಇದರ ಜೊತೆಗೆ ಇರಲಿ, ಇದರ ಬದಲಿಗೆ ಬೇಡ. ಕಟ್ಟುವ ಮೊದಲು ಬೆಳಿಗ್ಗೆ ಐದೂವರೆಯ ಬಸ್ಸು ಅಲ್ಲಿಗೆ ಹೋಗುತ್ತದೆಯೇ ಎಂದು ಸಾರಿಗೆ ಸಂಸ್ಥೆಯನ್ನು ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆಯಿರಿ. ಸ್ಥಳಾಂತರದ ಪ್ರಸ್ತಾಪ ಯಾವ ಜಿಲ್ಲೆಯಿಂದ ಬಂದರೂ ಅಲ್ಲಿ ದಿನಾ ಬರುವವರು ಎಷ್ಟು ಜನ, ಎಲ್ಲಿಂದ, ಹೇಗೆ ಬರುತ್ತಾರೆ ಎಂದು ಎಣಿಸದೆ ಕಡತ ಮುಂದೆ ಹೋಗಬಾರದು. ಎಣಿಸಲು ದೊಡ್ಡ ಸಲಹಾ ಸಂಸ್ಥೆ ಬೇಕಿಲ್ಲ, ಗೇಟಿನಲ್ಲಿ ಒಂದು ನೋಟ್‌ಬುಕ್, ಒಂದು ವಾರ, ಒಬ್ಬ ಮನುಷ್ಯ ಸಾಕು. ಆ ಕೆಲಸಕ್ಕೆ ನಾನು ಸಿದ್ಧ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳನ್ನು ಕಾಪಾಡಲೆಂದೇ ರಾಜ್ಯದಲ್ಲಿ 1985ರ ಕಾಯ್ದೆಯೊಂದಿದೆ. ನಮ್ಮ ಊರಿನ ಯಾವ ಯಾವ ಮೈದಾನ ಅದರ ಪಟ್ಟಿಯಲ್ಲಿದೆ ಎಂಬುದನ್ನು ಆಯಾ ಮೈದಾನದ ಗೇಟಿನ ಮೇಲೆಯೇ ಬೋರ್ಡು ಬರೆಸಿ ಹಾಕಿಸಿ. ಜನಕ್ಕೂ ಗೊತ್ತಾಗಲಿ, ಬೆಲೆ ಲೆಕ್ಕ ಹಾಕುವವರಿಗೂ ಗೊತ್ತಾಗಲಿ.

ಮಂಡ್ಯದ ಕಡೆ ನಿಮ್ಮ ಪ್ರವಾಸವಿದ್ದಾಗ ಒಂದು ಬೆಳಿಗ್ಗೆ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ಬನ್ನಿ. ವೇದಿಕೆ, ಹಾರ, ಮೈಕು ಏನೂ ಬೇಡ. ಕಾರನ್ನು ಬಸ್‌ಸ್ಟ್ಯಾಂಡಿನ ಹತ್ತಿರ ಬಿಟ್ಟು, ಕೆರಗೋಡಿನ ಬಸ್ಸು ಬರುವವರೆಗೆ ಕಾದು, ಆ ಮಕ್ಕಳ ಜೊತೆ ನಡೆದುಕೊಂಡೇ ಬನ್ನಿ. ಅವರು ಬೇಗ ನಡೆಯುತ್ತಾರೆ, ಸ್ವಲ್ಪ ಹೆಜ್ಜೆ ಜೋರು ಹಾಕಬೇಕಾಗುತ್ತದೆ. ನಾನು ಒಳಗೆ ಟ್ರ್ಯಾಕಿನ ಪಕ್ಕ ಸ್ಟಾಪ್‌ವಾಚ್ ಹಿಡಿದುಕೊಂಡು ನಿಂತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪಿಟಿ ಮೇಷ್ಟ್ರು,
ಮಂಡ್ಯ